ಆತ್ಮಹತ್ಯೆಯ ವಿಷಯದಲ್ಲಿ ಜನರ ಮನೋಭಾವವನ್ನು ಅಳೆಯುವ ಕ್ರಮ

(ವ್ಯವಸಾಯ ಇಲಾಖೆಯ ಇನ್‌ಸ್ಪೆಕ್ಟರೊಬ್ಬರು ಬರೆದುದು)

ಗ್ರಾಮಗಳಿಗೆ ದನಕರುಗಳ ಗಣತಿಯನ್ನೂ ಬೆಳೆಗಳ ವಿಸ್ತೀರ್ಣವನ್ನೂ ಬರೆದುಕೊಳ್ಳುವುದಕ್ಕಾಗಿ ಸರ್ಕಾರದ ನೌಕರರು ಬರುವುದು ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ. ಈಚಿನ ವರ್ಷಗಳಲ್ಲಿ ಇವರಲ್ಲದೆ ಮತ್ತೊಂದು ಬಗೆಯ ಲೆಕ್ಕವನ್ನು ಬರೆದುಕೊಳ್ಳತಕ್ಕವರೂ ಅಲ್ಲಲ್ಲಿ ಕಾಣಬರುತ್ತಿದ್ದಾರೆ. ಇವರು ವೈದ್ಯ ಕಾಲೇಜುಗಳಿಂದಲೋ ವಿಶ್ವವಿದ್ಯಾನಿಲಯಗಳಿಂದಲೋ ಬಂದವರು. ಇವರ ಕೈಯಲ್ಲಿರುವ ಕಾಗದದಲ್ಲಿ ಎಕರೆ ಗುಂಟೆಗಳ ಮಾತಿರುವುದಿಲ್ಲ. ‘ಸಾಯುತ್ತೇನೆಂದು ಬಾಯಲ್ಲಿ ಹೇಳುವವನು ಸಾಯುವುದಿಲ್ಲ’, ‘ಪ್ರಾಣ ಬಿಡಬೇಕೆಂದು ನಿಶ್ಚಯಿಸಿದವನನ್ನು ಯಾರೂ ತಡೆಯಲಾರರು’, ‘ಇಂಥ ವಿಚಾರವನ್ನು ಮನೆಯಲ್ಲಿ ಮಾತನಾಡಲೇ ಕೂಡದು’ ಎಂಬಿವೇ ಮೊದಲಾದ ವಾಕ್ಯಗಳನ್ನು ಒಂದೊಂದಾಗಿ ಓದಿ, ಒಪ್ಪುವಿರೋ ಇಲ್ಲವೋ ಎಂದು ಕೇಳಿ ಗುರುತು ಮಾಡಿಕೊಳ್ಳುತ್ತಾರೆ.

ಊರಿನ ಯಜಮಾನರಿಗೆ ಇದು ಮೊದಲ ನೋಟಕ್ಕೆ ಅಪಶಕುನದಂತೆ ತೋರುವುದು ಸಹಜ. ‘ಬಿಡ್ತು ಅನ್ನಿ’ ಎಂದು ಹೇಳಿ ಬಂದವರನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿದವರನ್ನೂ, ಊರಿನವರೆಲ್ಲರನ್ನೂ ಚಾವಡಿಗೆ ಕರೆಸಿ ತಾವೇ ಮುಂದೆ ನಿಂತು ಉತ್ತರ ಹೇಳಿಸಿದವರನ್ನೂ ನಾನು ಬಲ್ಲೆನು. ಎರಡರಿಂದಲೂ ಕೆಲಸವು ಕೆಡುತ್ತದೆ. ಹೇಗೆ ಕೆಡುತ್ತದೆಂಬುದನ್ನೂ, ಈ ಅಳತೆಯಿಂದ ರೈತಾಪಿ ಜನಕ್ಕೆ ಆಗತಕ್ಕ ಪ್ರಯೋಜನವೇನೆಂಬುದನ್ನೂ ತಿಳಿಸುವುದಕ್ಕಾಗಿ ಈ ಲೇಖನವನ್ನು ಬರೆದಿದೆ. ಲೇಖಕನು ವ್ಯವಸಾಯ ಶಾಸ್ತ್ರದಲ್ಲಿ ಲೈಸೆನ್ಷಿಯೇಟ್ ಪರೀಕ್ಷೆ ಮಾಡಿದವನೇ ಹೊರತು ಮನಶ್ಶಾಸ್ತ್ರಜ್ಞನಲ್ಲ. ಆದರೂ ಅಳೆಯುವ ಕೆಲಸದಲ್ಲಿ ಎಲ್ಲೆಲ್ಲಿ ಮೋಸಹೋಗಬಹುದೆಂಬ ವಿಚಾರವು ಬೆಳೆಯ ವಿಷಯದಲ್ಲಿಯೂ ಮನಸ್ಸಿನ ವಿಷಯದಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿದೆ.

ವ್ಯವಸಾಯದ ಪತ್ರಿಕೆಯಲ್ಲಿ ಇಂಥ ಪ್ರಸ್ತಾಪವೇಕೆಂದು ಕೇಳುವವರು ಎರಡು ಅಂಕಿಗಳನ್ನು ನೋಡಬಹುದು. ೨೦೧೦ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದಾದ ಮರಣಗಳು ಪೊಲೀಸು ದಾಖಲೆಗಳ ಪ್ರಕಾರ ೧,೩೪,೫೯೯. ದೇಶದ ನಾನಾ ಭಾಗಗಳಲ್ಲಿ ಮನೆಮನೆಗೂ ಹೋಗಿ ಮರಣದ ಕಾರಣವನ್ನು ವಿಚಾರಿಸಿ, ೨೦೧೨ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಅದೇ ವರ್ಷದ ಸಂಖ್ಯೆಯು ಸುಮಾರು ೧,೮೭,೦೦೦. ಎರಡಕ್ಕೂ ನಡುವೆ ಐವತ್ತು ಸಾವಿರಕ್ಕೂ ಮೀರಿದ ಅಂತರವಿದೆ. ‘ಹೊಟ್ಟೆನೋವು ತಾಳಲಾರದೆ’ ಎಂದೋ, ‘ಆಕಸ್ಮಿಕವಾಗಿ’ ಎಂದೋ ಪಂಚನಾಮೆಯಲ್ಲಿ ಬರೆಯಿಸಿಬಿಡುವ ವಾಡಿಕೆಯು ವಾಚಕರಿಗೆ ತಿಳಿಯದುದಲ್ಲ. ಆ ಕಾಗದಕ್ಕೆ ಸಾಕ್ಷಿ ಹಾಕಿದವರೂ ನಮ್ಮ ವಾಚಕರಲ್ಲಿ ಇದ್ದಾರು. ಅದೇ ವಿಚಾರಣೆಯಿಂದ, ಇಂಥ ಮರಣಗಳಲ್ಲಿ ಸುಮಾರು ಅರ್ಧದಷ್ಟು ವಿಷದಿಂದಾದವೆಂದೂ, ಆ ವಿಷವು ಹೆಚ್ಚಾಗಿ ಬೆಳೆಗೆ ಹೊಡೆಯುವ ಔಷಧವೇ ಎಂದೂ ತಿಳಿದುಬಂದಿತು. ನಮ್ಮ ಇಲಾಖೆಯು ಸಿಂಪಡಿಸಲು ಹೇಳಿಕೊಟ್ಟ ವಸ್ತುವೇ ಹೀಗೆ ಮನೆಯೊಳಗಿನ ಅಪಾಯವಾಗಿರುವಾಗ ಇಲಾಖೆಯವರು ಬಾಯಿ ಮುಚ್ಚಿಕೊಂಡಿರುವುದು ಉಚಿತವಲ್ಲ.

ಕಣ್ಣಂದಾಜೂ ಕೊಯ್ಲಿನ ಪ್ರಯೋಗವೂ

ಪಟೇಲ ಶ್ಯಾನುಭೋಗರ ಕಾಲದಲ್ಲಿ ಬೆಳೆಯ ಆಣೆವಾರಿಯನ್ನು ಹೊಲದ ಬದುವಿನ ಮೇಲೆ ನಿಂತು ಕಣ್ಣಂದಾಜಿನಿಂದ ಗೊತ್ತುಮಾಡುತ್ತಿದ್ದರು. ಕಂದಾಯದ ಮಾಫಿ ಬೇಕಾದ ವರ್ಷ ಬೆಳೆಯು ಕಡಮೆಯಾಗಿ ಕಾಣುತ್ತಿತ್ತು. ಮೇಲಧಿಕಾರಿಯನ್ನು ಮೆಚ್ಚಿಸಬೇಕಾದ ವರ್ಷ ಹೆಚ್ಚಾಗಿ ಕಾಣುತ್ತಿತ್ತು. ಆಮೇಲೆ ಕೊಯ್ಲಿನ ಪ್ರಯೋಗವೆಂಬ ಪದ್ಧತಿಯು ಬಂದಿತು. ಯಾವ ಸರ್ವೆ ನಂಬರು, ಅದರಲ್ಲಿ ಯಾವ ಮೂಲೆ ಎಂಬುದನ್ನು ಯಾರ ಇಷ್ಟಕ್ಕೂ ಬಿಡದೆ ಚೀಟಿ ಎತ್ತಿದಂತೆ ಅಂಕಿಗಳ ಪಟ್ಟಿಯಿಂದ ಆರಿಸಿ, ಅಲ್ಲಿ ಹಗ್ಗ ಹಾಕಿ, ಕೊಯ್ದು, ಒಕ್ಕಿ, ತೂಗಿ ನೋಡುವುದು ಇದರ ಕ್ರಮ. ‘ಈಚೆಗೆ ಜನರಿಗೆ ಪ್ರಾಣದ ಮೇಲೆ ಆಸೆಯೇ ಇಲ್ಲ’, ‘ಇದೆಲ್ಲಾ ಹೆದರಿಸುವ ಆಟ’ ಎಂದು ಜಗಲಿಯ ಮೇಲೆ ಕುಳಿತು ಹೇಳುವ ಮಾತು ಬದುವಿನ ಮೇಲಿನ ಆಣೆವಾರಿಗೆ ಸಮಾನ. ಪ್ರಶ್ನಾವಳಿಯು ಹಗ್ಗ ಹಾಕಿ ಕೊಯ್ಯುವುದಕ್ಕೆ ಸಮಾನವಾಗಬೇಕೆಂದು ಅದನ್ನು ಮಾಡಿದವರ ಅಪೇಕ್ಷೆ.

ಮನೋಭಾವವನ್ನು ಅಳೆಯಬಹುದೆಂದು ಮೊದಲು ವಾದಿಸಿದವರಲ್ಲಿ ಮುಖ್ಯರಾದವರು ಅಮೆರಿಕಾ ದೇಶದ ಚಿಕಾಗೋ ವಿಶ್ವವಿದ್ಯಾನಿಲಯದ ಥರ್‌ಸ್ಟನ್ ಎಂಬವರು. ಅವರ ಲೇಖನವು ೧೯೨೮ರಲ್ಲಿ ಹೊರಬಿತ್ತು. ೧೯೩೨ರಲ್ಲಿ ಲಿಕರ್ಟ್ ಎಂಬವರು ಇನ್ನೂ ಸುಲಭವಾದ ಒಂದು ಕ್ರಮವನ್ನು ತೋರಿಸಿಕೊಟ್ಟರು. ಒಂದು ವಾಕ್ಯವನ್ನು ಕೊಟ್ಟು, ಪೂರ್ಣವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ಏನೂ ಹೇಳಲಾರೆ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ ಎಂಬ ಐದು ಮೆಟ್ಟಿಲುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಕೇಳುವುದು. ಆಮೇಲೆ ಮೆಟ್ಟಿಲಿಗೆ ಒಂದೊಂದು ಅಂಕ ಕೊಟ್ಟು ಕೂಡುವುದು. ಇಂದು ಪ್ರಪಂಚದಲ್ಲಿ ನಡೆಯುವ ಇಂಥ ವಿಚಾರಣೆಗಳಲ್ಲಿ ಬಹುಭಾಗವು ಈ ಐದು ಮೆಟ್ಟಿಲುಗಳ ಮೇಲೆಯೇ ನಿಂತಿದೆ.

ಆತ್ಮಹತ್ಯೆಯ ವಿಷಯಕ್ಕೆ ಇದನ್ನು ಅನ್ವಯಿಸಿದವರಲ್ಲಿ ಅರಿಜೋನಾದ ಜಾರ್ಜ್ ಡೊಮಿನೊ ಎಂಬವರ ಪ್ರಶ್ನಾವಳಿಯು ೧೯೮೦ರ ದಶಕದಲ್ಲಿ ಪ್ರಸಿದ್ಧಿಗೆ ಬಂದಿತು. ಅದರಲ್ಲಿ ೧೦೦ ವಾಕ್ಯಗಳಿದ್ದುವು. ನೂರು ವಾಕ್ಯಗಳನ್ನು ಓದಿ ಮುಗಿಸುವ ಹೊತ್ತಿಗೆ ಉತ್ತರ ಹೇಳುವವನಿಗೆ ಬೇಸರ ಬಂದು, ಕೊನೆಯ ಇಪ್ಪತ್ತನ್ನು ಕಣ್ಣು ಮುಚ್ಚಿ ಗುರುತು ಮಾಡಿಯಾನೆಂಬುದು ನನ್ನ ಅನುಮಾನ. ಸ್ವೀಡನ್ ದೇಶದ ಉಮೆಯೊ ಎಂಬ ಪಟ್ಟಣದ ಸಲಾಂಡರ್ ರೆನ್‌ಬರ್ಗ್ ಮತ್ತು ಯಾಕೊಬ್ಸನ್ ಎಂಬಿಬ್ಬರು ೧೯೮೬ರಲ್ಲಿಯೂ ೧೯೯೬ರಲ್ಲಿಯೂ ಚೀಟಿ ಎತ್ತಿದಂತೆ ಆರಿಸಿದ ಜನರಿಗೆ ಅಂಚೆಯ ಮೂಲಕ ಪ್ರಶ್ನೆಗಳನ್ನು ಕಳುಹಿಸಿ, ಅನುಪಯುಕ್ತವಾದವನ್ನು ತೆಗೆದುಹಾಕಿ, ೩೭ ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ ೨೦೦೩ರಲ್ಲಿ ಪ್ರಕಟಿಸಿದರು. ಇದು ಅಂದಿನಿಂದ ಬೇರೆ ಬೇರೆ ದೇಶಗಳಲ್ಲಿ ಉಪಯೋಗಕ್ಕೆ ಬಂದಿದೆ. ಘಾನಾ, ಉಗಾಂಡಾ ಮತ್ತು ನಾರ್ವೆಯ ವಿದ್ಯಾರ್ಥಿಗಳ ಉತ್ತರಗಳನ್ನು ಹೋಲಿಸಿದ ವಿಚಾರಣೆಯೊಂದು ೨೦೦೮ರಲ್ಲಿ ಪ್ರಕಟವಾಯಿತು. ೨೦೧೩ರಲ್ಲಿ ಆಸ್ಟ್ರೇಲಿಯಾದವರು ಸತ್ತವರ ವಿಷಯದಲ್ಲಿ ಜನರಿಗಿರುವ ತಾತ್ಸಾರವನ್ನು ಮಾತ್ರ ಅಳೆಯುವುದಕ್ಕಾಗಿ ಬೇರೊಂದು ಪಟ್ಟಿಯನ್ನು ಮಾಡಿದರು. ‘ಹೇಡಿ’, ‘ಸ್ವಾರ್ಥಿ’, ‘ಒಂಟಿ’ ಎಂಬಂಥ ಬಿಡಿ ಮಾತುಗಳು ಇಂಥವರಿಗೆ ಎಷ್ಟರಮಟ್ಟಿಗೆ ಒಪ್ಪುತ್ತವೆಂದು ಅದರಲ್ಲಿ ಕೇಳುತ್ತಾರೆ.

ಉತ್ತರಗಳೆಲ್ಲವೂ ಬಂದ ಮೇಲೆ, ಯಾವ ಯಾವ ವಾಕ್ಯಗಳು ಜೊತೆಜೊತೆಯಾಗಿ ಏರಿಳಿಯುತ್ತವೆಂದು ಗಣಿತದಿಂದ ಕಂಡುಹಿಡಿದು ಕಟ್ಟು ಕಟ್ಟುತ್ತಾರೆ. ಸ್ವೀಡನ್ನಿನವರಿಗೆ ಹತ್ತು ಕಟ್ಟುಗಳು ದೊರೆತುವು. ಇವುಗಳಲ್ಲಿ ಕೆಲವು ಬಿಗಿಯಾಗಿಯೂ ಕೆಲವು ಬಹಳ ಸಡಿಲವಾಗಿಯೂ ಇವೆಯೆಂದು ಅವರೇ ಮರೆಮಾಚದೆ ಹೇಳಿದ್ದಾರೆ. ಡೊಮಿನೊರವರ ನೂರು ವಾಕ್ಯಗಳನ್ನು ಬೇರೆಯವರು ಪರೀಕ್ಷಿಸಿದಾಗ ಅವರು ಕಂಡ ಕಟ್ಟುಗಳೇ ಮತ್ತೆ ಸಿಕ್ಕಲಿಲ್ಲ. ಒಂದೇ ಹೊಲದ ಮಣ್ಣನ್ನು ಎರಡು ಪ್ರಯೋಗಶಾಲೆಗಳಿಗೆ ಕಳುಹಿಸಿ ಎರಡು ಬಗೆಯ ವರದಿ ಪಡೆದ ರೈತರಿಗೆ ಇದರಿಂದ ಆಶ್ಚರ್ಯವಾಗಲಾರದು. ಅಂಥ ರೈತನು ಮಣ್ಣಿನ ಪರೀಕ್ಷೆಯೇ ಸುಳ್ಳೆಂದು ಹೇಳದೆ, ಮಣ್ಣನ್ನು ತೆಗೆದ ಕ್ರಮವನ್ನು ವಿಚಾರಿಸಬೇಕು.

ಮಾತಿನ ತೊಡಕು

ಪರದೇಶದ ವಾಕ್ಯಗಳನ್ನು ಕನ್ನಡಕ್ಕೆ ತಿರುಗಿಸುವಲ್ಲಿಯೇ ಮೊದಲ ತೊಡಕು. ‘ಆತ್ಮಹತ್ಯೆ’ ಎಂಬ ಶಬ್ದವನ್ನೇ ನೋಡಿರಿ. ಬ್ರಹ್ಮಹತ್ಯೆ, ಗೋಹತ್ಯೆ, ಶಿಶುಹತ್ಯೆ ಎಂಬ ಮಾತುಗಳ ಸಾಲಿನಲ್ಲಿ ನಿಂತಿರುವ ಈ ಶಬ್ದವು ಕಿವಿಗೆ ಬಿದ್ದೊಡನೆಯೇ ಪಾಪದ ಭಾವನೆಯನ್ನು ತರುತ್ತದೆ. ಪ್ರಶ್ನೆ ಕೇಳುವುದಕ್ಕೆ ಮುಂಚೆಯೇ ತೀರ್ಪು ಹೇಳಿದಂತಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ಶಬ್ದವನ್ನು ಆಡುವವರೂ ಕಡಮೆ. ‘ಏನೋ ಮಾಡಿಕೊಂಡುಬಿಟ್ಟ’, ‘ದುಡುಕಿಬಿಟ್ಟಳು’, ‘ಜೀವ ಕಳೆದುಕೊಂಡ’ ಎಂದು ಹೇಳುತ್ತಾರೆ. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ತೂಕವಿದೆ. ‘ದುಡುಕಿದಳು’ ಎಂಬಲ್ಲಿ ಒಂದು ಕ್ಷಣ ತಡೆದಿದ್ದರೆ ಉಳಿಯುತ್ತಿದ್ದಳೆಂಬ ಅರ್ಥವು ಅಡಗಿದೆ. ಈ ವಿಷಯದಲ್ಲಿ ಹಳ್ಳಿಯ ಮಾತು ಪಂಡಿತರ ಶಬ್ದಕ್ಕಿಂತ ವೈದ್ಯರ ಈಗಿನ ಅಭಿಪ್ರಾಯಕ್ಕೆ ಹತ್ತಿರವಾಗಿದೆ.

ಮತ್ತೊಂದು ತೊಡಕು ಇದಕ್ಕಿಂತಲೂ ಆಳವಾದುದು. ಶ್ರವಣಬೆಳಗೊಳದ ಶಾಸನಗಳಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟವರ ಹೆಸರುಗಳಿವೆ. ೨೦೧೫ರ ಆಗಸ್ಟಿನಲ್ಲಿ ರಾಜಸ್ಥಾನದ ಹೈಕೋರ್ಟು ಈ ವ್ರತವನ್ನು ಆತ್ಮಹತ್ಯೆಯೆಂದು ತೀರ್ಪಿತ್ತಿತು. ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆಯನ್ನು ಕೊಟ್ಟಿತು. ನ್ಯಾಯಾಧೀಶರೇ ಭೇದಪಡುವ ವಿಷಯವನ್ನು ‘ಮನುಷ್ಯನಿಗೆ ತನ್ನ ಪ್ರಾಣವನ್ನು ಬಿಡುವ ಹಕ್ಕಿದೆ’ ಎಂಬ ಒಂದೇ ವಾಕ್ಯದಲ್ಲಿ ಅಡಗಿಸಿ, ಸಾಲಕ್ಕೆ ಹೆದರಿದ ತರುಣ ರೈತನನ್ನೂ ವ್ರತಸ್ಥನಾದ ಮುನಿಯನ್ನೂ ಒಂದೇ ಮೆಟ್ಟಿಲಿನ ಮೇಲೆ ನಿಲ್ಲಿಸಿದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ಆದಕಾರಣ ಅನುಭವಸ್ಥರಾದ ವಿಚಾರಕರು ಬರೇ ಭಾಷಾಂತರದಿಂದ ತೃಪ್ತರಾಗುವುದಿಲ್ಲ. ಕನ್ನಡಕ್ಕೆ ತಂದುದನ್ನು ಮೂಲವನ್ನು ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ತಿರುಗಿಸಿಸಿ ಹೋಲಿಸುತ್ತಾರೆ. ಊರಿನ ಹತ್ತಾರು ಜನಕ್ಕೆ ಓದಿ ಹೇಳಿ, ‘ನಿಮಗೆ ಏನು ಅರ್ಥವಾಯಿತು?’ ಎಂದು ಕೇಳುತ್ತಾರೆ. ಹೀಗೆ ಮಾಡದೆ ಬಂದ ಕಾಗದವನ್ನು ನಮ್ಮ ವಾಚಕರು ಸಂದೇಹದಿಂದ ನೋಡುವುದು ತಪ್ಪಲ್ಲ.

‘ಹೌದು ಸ್ವಾಮಿ’ ಎಂಬ ಉತ್ತರ

ಕಾಗದ ಹಿಡಿದು ಬಂದ ಅಧಿಕಾರಿಯ ಮಾತಿಗೆ ನಮ್ಮ ಜನರು ಸಾಮಾನ್ಯವಾಗಿ ಹೇಳುವ ಉತ್ತರವು ‘ಹೌದು ಸ್ವಾಮಿ’. ಹೊಸ ತಳಿಯ ಬೀಜವು ಚೆನ್ನಾಗಿ ಬಂದಿತೇ ಎಂದು ನಾನು ಕೇಳಿದರೂ ‘ಹೌದು ಸ್ವಾಮಿ’; ಹಳೆಯದೇ ಮೇಲಲ್ಲವೇ ಎಂದು ಕೇಳಿದರೂ ‘ಹೌದು ಸ್ವಾಮಿ’. ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ದೋಷವಲ್ಲ. ಎಲ್ಲ ದೇಶಗಳ ವಿಚಾರಕರೂ ಇದನ್ನು ಕಂಡಿದ್ದಾರೆ. ಇದಕ್ಕೆ ಅವರು ಮಾಡಿರುವ ಉಪಾಯವೇನೆಂದರೆ, ‘ನಿಶ್ಚಯಿಸಿದವನನ್ನು ತಡೆಯಲಾಗದು’ ಎಂಬ ವಾಕ್ಯವನ್ನು ಒಂದು ಕಡೆ ಇಟ್ಟು, ‘ಸಕಾಲದಲ್ಲಿ ಮಾತನಾಡಿಸಿದರೆ ಉಳಿಸಬಹುದು’ ಎಂಬುದನ್ನು ಬೇರೊಂದು ಕಡೆ ಇಡುವುದು. ಎರಡಕ್ಕೂ ಹೌದೆಂದವನು ವಾಕ್ಯಕ್ಕೆ ಉತ್ತರ ಹೇಳಿಲ್ಲ, ಅಧಿಕಾರಿಗೆ ಮರ್ಯಾದೆ ತೋರಿಸಿದ್ದಾನೆಂದು ತಿಳಿಯಬಹುದು.

ಯಜಮಾನರು ಎದುರಿಗೆ ಕುಳಿತಿದ್ದರೆ ಈ ದೋಷವು ಇಮ್ಮಡಿಯಾಗುತ್ತದೆ. ಆಳುಮಗನು ಒಡೆಯನ ಮುಂದೆ, ಸೊಸೆಯು ಅತ್ತೆಯ ಮುಂದೆ, ಸಾಲಗಾರನು ಸಾಲ ಕೊಟ್ಟವನ ಮುಂದೆ ಯಾವ ಉತ್ತರವನ್ನು ಹೇಳಿಯಾರೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಈ ಮೂವರ ಉತ್ತರವೇ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರತಕ್ಕದ್ದು. ಯಜಮಾನರು ಸದುದ್ದೇಶದಿಂದಲೇ ಕುಳಿತಿರಬಹುದು; ಊರಿಗೆ ಕೆಟ್ಟ ಹೆಸರು ಬಾರದಿರಲಿ ಎಂಬ ಕಾಳಜಿಯೂ ಇರಬಹುದು. ಆದರೂ ಆ ದಿನ ಬರೆದುಕೊಂಡುದು ಊರಿನವರೆಲ್ಲರ ಅಭಿಪ್ರಾಯವಾಗದೆ, ಯಜಮಾನರೊಬ್ಬರ ಅಭಿಪ್ರಾಯದ ನೂರು ಪ್ರತಿಗಳಾಗುತ್ತವೆ.

ಕಾನೂನಿನ ಭಯವೂ ಉತ್ತರವನ್ನು ತಿರುಚುತ್ತಿತ್ತು. ಆತ್ಮಹತ್ಯೆಗೆ ಪ್ರಯತ್ನಿಸಿ ಉಳಿದವನಿಗೆ ಹಿಂದಿನ ದಂಡ ಸಂಹಿತೆಯ ೩೦೯ನೆಯ ಕಲಮಿನ ಮೇರೆಗೆ ಒಂದು ವರ್ಷದವರೆಗೆ ಸೆರೆ ಅಥವಾ ಜುಲ್ಮಾನೆ ವಿಧಿಸಬಹುದಾಗಿತ್ತು. ೨೦೧೭ರ ಮಾನಸಿಕ ಆರೋಗ್ಯ ರಕ್ಷಣೆಯ ಕಾನೂನಿನ ೧೧೫ನೆಯ ಕಲಮು, ಇಂಥವನು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದನೆಂದು ಭಾವಿಸಿ ಅವನನ್ನು ಶಿಕ್ಷಿಸಕೂಡದೆಂದು ವಿಧಿಸಿತು. ೨೦೨೪ರ ಜುಲೈ ೧ರಿಂದ ಆಚರಣೆಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಕಲಮನ್ನು ಬಿಟ್ಟುಬಿಟ್ಟಿದೆ. ಸರ್ಕಾರಿ ನೌಕರನನ್ನು ಬಲವಂತಪಡಿಸುವುದಕ್ಕಾಗಿ ಮಾಡುವ ಪ್ರಯತ್ನಕ್ಕೆ ಮಾತ್ರ ಶಿಕ್ಷೆಯುಂಟು. ಈ ಬದಲಾವಣೆಯು ಇನ್ನೂ ಅನೇಕ ಗ್ರಾಮಗಳಿಗೆ ಮುಟ್ಟಿಲ್ಲ. ಪೊಲೀಸರು ಬರುತ್ತಾರೆಂಬ ಹೆದರಿಕೆಯಿಂದ ಆಸ್ಪತ್ರೆಗೆ ಸೇರಿಸುವುದನ್ನೇ ತಡಮಾಡುವವರಿಗೆ ಯಜಮಾನರು ಇದನ್ನು ಖುದ್ದಾಗಿ ತಿಳಿಸಬೇಕು.

ಭಯದ ಎದುರು ಕಡೆಯಲ್ಲಿ ಆಶೆಯೂ ಇದೆ. ರೈತನ ಮರಣಕ್ಕೆ ಸರ್ಕಾರದಿಂದ ಪರಿಹಾರ ಧನವು ದೊರೆಯಬೇಕಾದರೆ ಸಾಲವಿದ್ದುದಕ್ಕೆ ದಾಖಲೆ ಬೇಕಾಗುತ್ತದೆ. ಆದ್ದರಿಂದ ‘ಯಾವ ಕಾರಣದಿಂದ ಜನರು ಹೀಗೆ ಮಾಡಿಕೊಳ್ಳುತ್ತಾರೆ?’ ಎಂದು ಸರ್ಕಾರದ ಮೊಹರಿರುವ ಕಾಗದದಲ್ಲಿ ಕೇಳಿದರೆ ‘ಸಾಲ’ ಎಂಬ ಉತ್ತರವು ಮೊದಲು ಬರುತ್ತದೆ. ಸಾಲದ ಬಾಧೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವೆಂಬುದನ್ನು ದಿನವೂ ನೋಡುತ್ತಿದ್ದೇನೆ. ಆದರೆ ಕುಡಿತ, ಮನೆಯ ಜಗಳ, ಗುಣವಾಗದ ರೋಗ, ಮನಸ್ಸಿನ ಖಾಯಿಲೆ ಇವುಗಳೂ ಸಾಲದೊಡನೆ ಹೆಣೆದುಕೊಂಡಿರುವಾಗ, ಇವು ಯಾವುವೂ ಆ ಕಾಗದದಲ್ಲಿ ಕಾಣದೆ ಹೋಗುತ್ತವೆ. ಕರ್ನಾಟಕ ಸರ್ಕಾರವು ರೈತರ ಆತ್ಮಹತ್ಯೆಗಳ ವಿಚಾರಣೆಗೆಂದು ನೇಮಿಸಿದ ಡಾಕ್ಟರ್ ಜಿ. ಕೆ. ವೀರೇಶರ ಸಮಿತಿಯು ೨೦೦೨ರಲ್ಲಿ ತನ್ನ ವರದಿಯನ್ನು ಕೊಟ್ಟಾಗ ಕಾರಣಗಳ ಬಗ್ಗೆ ಎಷ್ಟು ವಾದವಿವಾದವಾಯಿತೆಂಬುದು ಹಳೆಯ ವಾಚಕರಿಗೆ ನೆನಪಿರಬಹುದು. ಯಾರು ಕೇಳುತ್ತಾರೆ, ಏತಕ್ಕಾಗಿ ಕೇಳುತ್ತಾರೆ ಎಂಬುದರ ಮೇಲೆ ಉತ್ತರವು ಬದಲಾಗುತ್ತದೆಂಬುದನ್ನು ಅಂಕಿಗಳನ್ನು ಓದುವವರು ಮರೆಯಬಾರದು.

ನಾಣ್ಯದ ಉಪಾಯ

ನಾಚಿಕೆಯ ವಿಷಯದಲ್ಲಿ ನಿಜವನ್ನು ತಿಳಿಯುವುದಕ್ಕಾಗಿ ೧೯೬೫ರಲ್ಲಿ ವಾರ್ನರ್ ಎಂಬ ಅಮೆರಿಕನರು ಒಂದು ಜಾಣತನದ ಕ್ರಮವನ್ನು ಪ್ರಕಟಿಸಿದರು. ಅದರ ಒಂದು ಸರಳವಾದ ರೂಪವನ್ನು ಇಲ್ಲಿ ಹೇಳುತ್ತೇನೆ. ಉತ್ತರ ಹೇಳುವವನು ಮರೆಯಲ್ಲಿ ಒಂದು ರೂಪಾಯಿಯ ನಾಣ್ಯವನ್ನು ಚಿಮ್ಮಲಿ. ಸಿಂಹ ಬಿದ್ದರೆ, ಪ್ರಶ್ನೆ ಏನೇ ಇರಲಿ, ‘ಹೌದು’ ಎನ್ನಬೇಕು. ಅಂಕಿ ಬಿದ್ದರೆ, ಕೇಳಿದುದಕ್ಕೆ ನಿಜವಾದ ಉತ್ತರವನ್ನು ಹೇಳಬೇಕು. ಪ್ರಶ್ನೆಯು ‘ಕಳೆದ ವರ್ಷದಲ್ಲಿ ಬದುಕು ಬೇಡವೆಂದು ನಿಮಗೆ ಎಂದಾದರೂ ಅನ್ನಿಸಿತೇ?’ ಎಂದಿರಲಿ. ಒಬ್ಬನು ‘ಹೌದು’ ಎಂದರೆ ಅದು ನಾಣ್ಯದ ಮಾತೋ ಅವನ ಮಾತೋ ಕೇಳಿದವನಿಗೆ ಗೊತ್ತಾಗುವ ಬಗೆಯಿಲ್ಲ. ಆದಕಾರಣ ಅವನಿಗೆ ಹೆದರಿಕೆಯಿಲ್ಲ. ಉದಾಹರಣೆಗೆ ೧೦೦ ಜನರಲ್ಲಿ ೬೦ ಮಂದಿ ‘ಹೌದು’ ಎಂದರೆಂದು ಇಟ್ಟುಕೊಳ್ಳಿರಿ. ಅವರಲ್ಲಿ ಸುಮಾರು ೫೦ ಮಂದಿಯದು ನಾಣ್ಯದ ಮಾತು. ಉಳಿದ ೧೦ ‘ಹೌದು’ಗಳು ಅಂಕಿ ಬಿದ್ದ ೫೦ ಜನರಿಂದ ಬಂದವು. ಎಂದರೆ ಐವರಲ್ಲಿ ಒಬ್ಬರಿಗೆ ಹಾಗನ್ನಿಸಿದೆ. ವ್ಯಕ್ತಿಯ ಗುಟ್ಟು ಬಯಲಾಗದೆ ಊರಿನ ಲೆಕ್ಕವು ಸಿಕ್ಕುತ್ತದೆ.

ಇದರಲ್ಲಿ ಒಂದು ನೋವಿನ ಅಂಶವೂ ಇದೆ. ಊರಿನ ಐವರಲ್ಲಿ ಒಬ್ಬರು ಸಂಕಟದಲ್ಲಿದ್ದಾರೆಂದು ತಿಳಿದರೂ ಆ ಒಬ್ಬರು ಯಾರೆಂದು ತಿಳಿಯುವುದಿಲ್ಲ, ಸಹಾಯ ಮಾಡಲಾಗುವುದಿಲ್ಲ. ಹೀಗೆ ಎಣಿಸುವ ಕೆಲಸ ಬೇರೆ, ಕೈಹಿಡಿದು ಎತ್ತುವ ಕೆಲಸ ಬೇರೆಯಾಗಿವೆ. ಮನೋಭಾವದ ಪ್ರಶ್ನಾವಳಿಯಲ್ಲಿ ಬಂದ ಅಂಕಗಳನ್ನು ನೋಡಿ ‘ಇವನು ಅಪಾಯದಲ್ಲಿದ್ದಾನೆ, ಇವನು ಇಲ್ಲ’ ಎಂದು ಹೇಳುವುದಂತೂ ಸರ್ವಥಾ ಕೂಡದು. ಹಿಂದಿನ ಐವತ್ತು ವರ್ಷಗಳ ೩೬೫ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ಯಾರು ಪ್ರಾಣ ಕಳೆದುಕೊಂಡಾರೆಂಬುದನ್ನು ಮುಂಗಂಡು ಹೇಳುವ ಶಕ್ತಿಯು ಕಣ್ಣು ಮುಚ್ಚಿ ಊಹಿಸುವುದಕ್ಕಿಂತ ಸ್ವಲ್ಪ ಮಾತ್ರವೇ ಮೇಲೆಂದು ಕಂಡುಬಂದಿತು.

ಬಾಯಿಯ ಮಾತಿಗೂ ಕೈಯ ಕೆಲಸಕ್ಕೂ ಇರುವ ಅಂತರವನ್ನು ತೋರಿಸುವ ಹಳೆಯ ಪ್ರಯೋಗವೊಂದನ್ನು ಇಲ್ಲಿ ನೆನೆಯಬಹುದು. ಲಾಪಿಯೇರ್ ಎಂಬ ಅಮೆರಿಕನ್ ಪಂಡಿತರು ೧೯೩೦ರ ಸುಮಾರಿನಲ್ಲಿ ಚೀನಾ ದೇಶದ ದಂಪತಿಗಳೊಡನೆ ಸಂಚಾರ ಮಾಡಿ ೨೫೧ ಹೋಟೆಲುಗಳಿಗೂ ವಸತಿಗೃಹಗಳಿಗೂ ಹೋದರು. ಆಗ ಅಲ್ಲಿ ಚೀನೀಯರ ಮೇಲೆ ಬಹಳ ದ್ವೇಷವಿದ್ದರೂ ಒಂದೇ ಒಂದು ಕಡೆ ಮಾತ್ರ ಸ್ಥಳವಿಲ್ಲವೆಂದರು. ಆಮೇಲೆ ಅವೇ ಸ್ಥಳಗಳಿಗೆ ‘ಚೀನೀಯರನ್ನು ಸೇರಿಸುವಿರಾ?’ ಎಂದು ಕಾಗದ ಬರೆದು ಕೇಳಿದಾಗ ಉತ್ತರವಿತ್ತ ೧೨೮ ಜನರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಇಲ್ಲವೆಂದರು. ಇದು ೧೯೩೪ರಲ್ಲಿ ಪ್ರಕಟವಾಯಿತು. ಕಾಗದದ ಮೇಲೆ ನಿಷ್ಠುರನಾದವನು ಬಾಗಿಲಿಗೆ ಬಂದವರಿಗೆ ಅನ್ನವಿಕ್ಕಿದನು. ‘ಹಾಗೆ ಮಾಡಿಕೊಂಡವರು ಹೇಡಿಗಳು’ ಎಂದು ನಮ್ಮ ಯಜಮಾನರು ಗುರುತು ಹಾಕಿದರೂ, ನೆರೆಮನೆಯವನು ಕಂಗೆಟ್ಟು ಬಂದರೆ ರಾತ್ರಿಯೆಲ್ಲಾ ಜೊತೆಯಲ್ಲಿ ಕುಳಿತಾರು.

ತಡೆಯಲಾಗದೆಂಬ ನಂಬಿಕೆ

ಹಾಗಾದರೆ ಇಷ್ಟೊಂದು ದೋಷಗಳಿರುವ ಅಳತೆಯಿಂದ ಫಲವೇನು? ನಂಬಿಕೆಗಳಲ್ಲಿ ಕೆಲವು ಬರೇ ನಂಬಿಕೆಗಳಾಗಿ ಉಳಿಯದೆ ಸರ್ಕಾರದ ಹಣವನ್ನೂ ಜನರ ಕೈಯನ್ನೂ ಕಟ್ಟಿಹಾಕುತ್ತವೆ. ಅವು ಎಷ್ಟು ಜನರಲ್ಲಿವೆಯೆಂಬುದನ್ನು ಅಳೆದೇ ತಿಳಿಯಬೇಕು. ಇದಕ್ಕೆ ನನಗೆ ತಿಳಿದ ಸ್ಪಷ್ಟವಾದ ಉದಾಹರಣೆಯು ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದ ಗೋಲ್ಡನ್ ಗೇಟ್ ಸೇತುವೆಯದು. ೧೯೩೭ರಲ್ಲಿ ತೆರೆದ ಈ ಸೇತುವೆಯ ಮೇಲೆ ಪ್ರಾಣ ಬಿಡಲು ಬಂದು, ಇತರರಿಂದ ತಡೆಯಲ್ಪಟ್ಟ ೫೧೫ ಜನರು ಆಮೇಲೆ ಏನಾದರೆಂದು ಸೈಡನ್ ಎಂಬವರು ವಿಚಾರಿಸಿ ೧೯೭೮ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು ೯೪ ಮಂದಿ ಬದುಕಿದ್ದರು, ಇಲ್ಲವೇ ರೋಗಾದಿ ಸಹಜ ಕಾರಣಗಳಿಂದ ತೀರಿಕೊಂಡಿದ್ದರು. ಎಂದರೆ ಆ ಒಂದು ದಿನವನ್ನು ದಾಟಿಸಿದರೆ ಬಹುಮಂದಿ ಉಳಿಯುತ್ತಾರೆ.

ಇದು ಪ್ರಕಟವಾಗಿ ಇಪ್ಪತ್ತೈದು ವರ್ಷಗಳಾದ ಮೇಲೂ ಜನರ ನಂಬಿಕೆ ಹೇಗಿತ್ತು? ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಿಲ್ಲರ್ ಮೊದಲಾದವರು ಅಮೆರಿಕಾದ ಪ್ರಜೆಗಳನ್ನು, ಆ ಸೇತುವೆಯ ಮೇಲೆ ತಡೆಗೋಡೆಯಿದ್ದಿದ್ದರೆ ಅಲ್ಲಿ ಸತ್ತವರು ಏನು ಮಾಡುತ್ತಿದ್ದರೆಂದು ಕೇಳಿದರು. ನೂರಕ್ಕೆ ೩೪ ಮಂದಿ, ಅವರಲ್ಲಿ ಪ್ರತಿಯೊಬ್ಬರೂ ಬೇರೊಂದು ದಾರಿಯನ್ನು ಹುಡುಕಿಕೊಳ್ಳುತ್ತಿದ್ದರೆಂದರು. ಇನ್ನು ೪೦ ಮಂದಿ, ಬಹುಪಾಲು ಜನರು ಹಾಗೆ ಮಾಡುತ್ತಿದ್ದರೆಂದರು. ಇದು ೨೦೦೬ರಲ್ಲಿ ಅಚ್ಚಾಯಿತು. ಎದುರಿಗಿರುವ ಸಾಕ್ಷ್ಯಕ್ಕೆ ನೇರವಾಗಿ ವಿರುದ್ಧವಾದ ನಂಬಿಕೆಯು ನಾಲ್ವರಲ್ಲಿ ಮೂವರಿಗೆ ಇದ್ದಿತೆಂದು ಒಂದು ಪ್ರಶ್ನೆಯಿಂದ ಗೊತ್ತಾಯಿತು. ಆ ಸೇತುವೆಗೆ ರಕ್ಷಣೆಯ ಬಲೆಯನ್ನು ಕಟ್ಟಿ ಮುಗಿಸಿದುದು ೨೦೨೪ರ ಆರಂಭದಲ್ಲಿ. ನಡುವೆ ಕಳೆದ ದಶಕಗಳಿಗೆ ಹಣದ ಕೊರತೆಯೊಂದೇ ಕಾರಣವೆಂದು ನಾನು ನಂಬಲಾರೆ.

ನಮಗೆ ಹತ್ತಿರವಾದ ಸಿಂಹಳ ದ್ವೀಪದ ವಿಷಯವನ್ನೂ ನೋಡಬಹುದು. ಶ್ರೀಲಂಕಾ ಸರ್ಕಾರವು ಅತಿ ಉಗ್ರವಾದ ಕೀಟನಾಶಕಗಳನ್ನು ೧೯೯೫ರಲ್ಲಿಯೂ, ಮತ್ತೊಂದನ್ನು ೧೯೯೮ರಲ್ಲಿಯೂ ನಿಷೇಧಿಸಿತು. ೧೯೮೬ರಿಂದ ೧೯೯೫ರವರೆಗಿನ ಹತ್ತು ವರ್ಷಗಳಿಗೆ ಹೋಲಿಸಿದರೆ ಮುಂದಿನ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಮರಣಗಳು ಸುಮಾರು ೨೦,೦೦೦ದಷ್ಟು ಕಡಮೆಯಾದುವೆಂದು ೨೦೦೭ರಲ್ಲಿ ಲೆಕ್ಕ ಹಾಕಿದರು. ನಿರುದ್ಯೋಗ, ಕುಡಿತ, ಅಂತರ್ಯುದ್ಧ ಇವುಗಳ ಏರಿಳಿತದಿಂದ ಈ ಇಳಿಕೆಯನ್ನು ವಿವರಿಸಲಾಗಲಿಲ್ಲ. ಆದರೆ ಎಲ್ಲ ಉಪಾಯಗಳೂ ಫಲಿಸುತ್ತವೆಂದು ತಿಳಿಯಕೂಡದು. ಅದೇ ದೇಶದ ೧೮೦ ಗ್ರಾಮಗಳಲ್ಲಿ ಮನೆಮನೆಗೂ ಬೀಗದ ಪೆಟ್ಟಿಗೆಯನ್ನು ಹಂಚುವ ವಿಷಯದಲ್ಲಿ ನಡೆದ ದೊಡ್ಡ ಪ್ರಯೋಗದಿಂದ ಪ್ರಯೋಜನ ಕಾಣಲಿಲ್ಲವೆಂದು ೨೦೧೭ರಲ್ಲಿ ತಿಳಿದುಬಂದಿತು. ತಮಿಳುನಾಡಿನಲ್ಲಿ ಮದರಾಸಿನ ‘ಸ್ನೇಹಾ’ ಸಂಸ್ಥೆಯ ಡಾಕ್ಟರ್ ಲಕ್ಷ್ಮೀ ವಿಜಯಕುಮಾರ್ ಮೊದಲಾದವರು ಊರಿಗೆಲ್ಲಾ ಒಂದೇ ಸಾಮಾನ್ಯ ಉಗ್ರಾಣವನ್ನಿಟ್ಟು, ಔಷಧವನ್ನು ಮನೆಯಿಂದ ಹೊರಗಿಡಿಸುವ ಪ್ರಯೋಗವನ್ನು ಎರಡು ಗ್ರಾಮಗಳಲ್ಲಿ ಮಾಡಿ ೨೦೧೩ರಲ್ಲಿ ಪ್ರಕಟಿಸಿದರು. ಫಲವು ಆಶಾದಾಯಕವಾಗಿತ್ತು, ಆದರೆ ಎರಡು ಗ್ರಾಮಗಳಿಂದ ಕೊನೆಯ ತೀರ್ಮಾನಕ್ಕೆ ಬರಲಾಗದು. ಇಂಥ ಉಗ್ರಾಣಕ್ಕೆ ಸ್ಥಳ ಕೊಡಬೇಕಾದವರೂ, ಬೀಗದ ಕೈ ಇಟ್ಟುಕೊಳ್ಳಬೇಕಾದವರೂ ಊರಿನ ಹಿರಿಯರು. ‘ಮಾಡಿಕೊಳ್ಳುವವನು ಹೇಗಿದ್ದರೂ ಮಾಡಿಕೊಳ್ಳುತ್ತಾನೆ’ ಎಂದು ಅವರಲ್ಲಿ ನಾಲ್ವರಿಗೆ ಮೂವರು ನಂಬಿದ್ದರೆ ಉಗ್ರಾಣವು ಕಾಗದದ ಮೇಲೆಯೇ ಉಳಿಯುತ್ತದೆ. ಆದಕಾರಣ ಕಟ್ಟುವುದಕ್ಕೆ ಮುಂಚೆ ಕೇಳಬೇಕು, ಹಿರಿಯರನ್ನೂ ಕೇಳಬೇಕು.

ಕೇಳಿದರೆ ಕೆಡುಕೆಂಬ ಶಂಕೆ

ಇಂಥ ಪ್ರಶ್ನೆಗಳನ್ನು ಕೇಳಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾದೀತೆಂದು ಬಹಳ ಮಂದಿ ಹಿರಿಯರು ಹೆದರುತ್ತಾರೆ. ಈ ಶಂಕೆಯನ್ನೂ ಪರೀಕ್ಷೆಗೆ ಹಚ್ಚಿದ್ದಾರೆ. ನ್ಯೂಯಾರ್ಕ್ ಸಂಸ್ಥಾನದ ಆರು ಪ್ರೌಢಶಾಲೆಗಳ ೨,೩೪೨ ವಿದ್ಯಾರ್ಥಿಗಳಲ್ಲಿ ಒಂದು ಭಾಗದವರಿಗೆ ಮಾತ್ರ ಆತ್ಮಹತ್ಯೆಯ ಪ್ರಶ್ನೆಗಳನ್ನು ಕೇಳಿ, ಎರಡು ದಿನಗಳ ಮೇಲೆ ಇಬ್ಬಗೆಯವರನ್ನೂ ವಿಚಾರಿಸಿದಾಗ, ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಾಗಿರಲಿಲ್ಲ. ಮೊದಲೇ ಸಂಕಟದಲ್ಲಿದ್ದವರಿಗೆ ಕೇಳಿದುದರಿಂದ ಸ್ವಲ್ಪ ಹಗುರವೇ ಆದಂತೆ ತೋರಿತು. ಇದು ೨೦೦೫ರಲ್ಲಿ ಪ್ರಕಟವಾಯಿತು. ಆಮೇಲೆ ಇಂಥ ಹಲವು ಅಧ್ಯಯನಗಳನ್ನು ಸೇರಿಸಿ ೨೦೧೪ರಲ್ಲಿ ಮಾಡಿದ ಪರಿಶೀಲನೆಯಲ್ಲಿಯೂ ಇದೇ ಕಂಡುಬಂದಿತು. ಮರ್ಯಾದೆಯಿಂದ, ಏಕಾಂತದಲ್ಲಿ, ಉತ್ತರವನ್ನು ಕೇಳುವಷ್ಟು ಸಾವಧಾನವಾಗಿ ಕೇಳಬೇಕೆಂಬುದನ್ನು ಮಾತ್ರ ಮರೆಯಕೂಡದು. ಪಡಿತರದ ಸಾಲಿನಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಯಲ್ಲ ಇದು.

ಯಜಮಾನರು ಮಾಡತಕ್ಕದ್ದು

ವಿಚಾರಕರು ಗ್ರಾಮಕ್ಕೆ ಬಂದರೆ ಮೊದಲು ಅವರ ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಪತ್ರವನ್ನು ತೋರಿಸಬೇಕೆಂದು ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೨೦೧೭ರಲ್ಲಿ ಹೊರಡಿಸಿದ ಸೂಚನೆಗಳಂತೆ ಆರೋಗ್ಯ ಸಂಬಂಧವಾದ ವಿಚಾರಣೆಗಳಿಗೆ ಇದು ಆವಶ್ಯಕ. ಯಾರನ್ನು ಕೇಳಬೇಕೆಂಬುದನ್ನು ಅವರೇ ಚೀಟಿ ಎತ್ತಿ ಗೊತ್ತುಮಾಡಲಿ. ‘ನಮ್ಮೂರಿನ ತಿಳಿದವರ ಮನೆಗೆ ಕರೆದುಕೊಂಡು ಹೋಗುತ್ತೇನೆ’ ಎಂಬ ಉಪಚಾರವು ಇಲ್ಲಿ ಬೇಡ. ಕೇರಿಯ ಕೊನೆಯ ಮನೆಯೂ ತೋಟದ ಮನೆಯ ಆಳೂ ಚೀಟಿಯಲ್ಲಿ ಬರಬೇಕು. ಉತ್ತರ ಹೇಳುವಲ್ಲಿ ಯಜಮಾನರಾಗಲಿ ಅವರ ಕಡೆಯವರಾಗಲಿ ಇರಕೂಡದು. ಹೆಂಗಸರನ್ನು ಹೆಂಗಸರೇ ಕೇಳುವುದು ಮೇಲು. ಇಷ್ಟವಿಲ್ಲದವರು ಉತ್ತರ ಹೇಳದಿರಬಹುದು. ಅವರು ಯಾರೆಂದು ಆಮೇಲೆ ವಿಚಾರಿಸುವುದು ಸಭ್ಯತೆಯಲ್ಲ. ಕಾಗದದ ಮೇಲೆ ಹೆಸರು ಬರೆಯುತ್ತಿದ್ದರೆ ಏಕೆಂದು ಕೇಳುವ ಹಕ್ಕು ಯಾರಿಗೂ ಉಂಟು.

ಕೇಳುವಾಗ ಒಬ್ಬರು ಕಣ್ಣೀರಿಟ್ಟು ತಮ್ಮ ಸಂಕಟವನ್ನು ಹೇಳಿಕೊಂಡರೆ ಏನು ಮಾಡುವಿರೆಂದು ವಿಚಾರಕರನ್ನು ಮುಂಚಿತವಾಗಿಯೇ ಕೇಳಿಡಬೇಕು. ‘ನಮ್ಮ ಕೆಲಸ ಬರೆದುಕೊಳ್ಳುವುದು ಮಾತ್ರ’ ಎಂದು ಹೇಳುವವರಿಗೆ ಗ್ರಾಮದಲ್ಲಿ ಅವಕಾಶ ಕೊಡುವ ಅಗತ್ಯವಿಲ್ಲ. ಅಂಥವರನ್ನು ಒಂಟಿಯಾಗಿ ಬಿಡದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗಾಗಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗಾಗಲಿ ಕರೆದೊಯ್ಯುವ ಏರ್ಪಾಡು ಇರಬೇಕು. ಆ ಮನೆಯಲ್ಲಿರುವ ಔಷಧದ ಡಬ್ಬಿಗಳನ್ನು ಕೆಲವು ಕಾಲ ಯಜಮಾನರು ತಮ್ಮ ವಶಕ್ಕೆ ತೆಗೆದುಕೊಂಡು ಬೀಗ ಹಾಕಿಡಬಹುದು. ೨೦೨೨ರ ಅಕ್ಟೋಬರಿನಿಂದ ಭಾರತ ಸರ್ಕಾರವು ನಡೆಯಿಸುತ್ತಿರುವ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯು ೧೪೪೧೬ ಎಂಬ ಸಂಖ್ಯೆಗೆ ಹಗಲೂ ರಾತ್ರಿಯೂ ಖರ್ಚಿಲ್ಲದೆ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸಂಕಟದಲ್ಲಿರುವವರೂ ಅವರ ಮನೆಯವರೂ, ಏನು ಮಾಡಬೇಕೆಂದು ತೋಚದ ಯಜಮಾನರೂ ಅದಕ್ಕೆ ಕರೆ ಮಾಡಬಹುದು.

ವಿಚಾರಣೆ ಮುಗಿದು ಅಂಕಿಗಳು ಸಿದ್ಧವಾದ ಮೇಲೆ ಅವರು ಮತ್ತೊಮ್ಮೆ ಗ್ರಾಮಕ್ಕೆ ಬಂದು, ಊರಿನವರು ಒಟ್ಟಾಗಿ ಏನು ಹೇಳಿದರೆಂಬುದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ತಿಳಿಸಬೇಕೆಂದು ಮೊದಲ ದಿನವೇ ಕರಾರು ಮಾಡಿಕೊಳ್ಳುವುದು ಒಳ್ಳೆಯದು. ಮಣ್ಣಿನ ಮಾದರಿಯನ್ನು ತೆಗೆದುಕೊಂಡು ಹೋದವರಿಂದ ವರದಿಯನ್ನು ಕೇಳಿ ಪಡೆಯುವ ರೈತರು ಇದನ್ನೂ ಕೇಳಿ ಪಡೆಯಬೇಕು. ಆ ಸಭೆಗೆ ನಮ್ಮ ಇಲಾಖೆಯ ರೈತ ಸಂಪರ್ಕ ಕೇಂದ್ರದವರನ್ನೂ ಕರೆದರೆ, ಕೀಟನಾಶಕಗಳನ್ನು ಮನೆಯಿಂದ ಹೊರಗಿಡುವ ವಿಷಯವನ್ನು ಅಲ್ಲಿಯೇ ಚರ್ಚಿಸಿ, ಉಗ್ರಾಣದ ಸ್ಥಳವನ್ನೂ ಬೀಗದ ಕೈಯ ಜವಾಬ್ದಾರಿಯನ್ನೂ ಗೊತ್ತುಮಾಡಿಕೊಳ್ಳಬಹುದು.